ಹಚ್ಚೆ ಹೊಯ್ಯುವವಳ ಕೈ: ಪುಣೆಯ ಹಿನ್ನೆಲೆಯಲ್ಲಿ ಒಂದು ಕಸುಬಿನ ವಿಚಾರ

ಪುಣೆಯ ಶುಕ್ರವಾರ ಪೇಟೆಯಲ್ಲಿರುವ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವು ಅರಮನೆಯ ವೈಭವಕ್ಕಿಂತ ಹೆಚ್ಚಾಗಿ ಮನೆವಾರ್ತೆಯ ವಸ್ತುಗಳಿಗೆ ಹೆಸರಾದುದು. 'ಅಜ್ಞಾತವಾಸಿ' ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದ ಮರಾಠಿ ಕವಿ ದಿನಕರ ಗಂಗಾಧರ ಕೇಳಕರರು ಊರೂರು ಅಲೆದು ಕೂಡಿಸಿದ ಈ ಸಂಗ್ರಹಕ್ಕೆ ಅಕಾಲದಲ್ಲಿ ತೀರಿಕೊಂಡ ತಮ್ಮ ಮಗನ ಹೆಸರನ್ನಿಟ್ಟರು. ದೀಪಗಳು, ಅಡಕತ್ತರಿಗಳು, ಪಾತ್ರೆಪಡಗಗಳು, ಕೆತ್ತನೆಯ ಬಾಗಿಲುಗಳು, ವಾದ್ಯಗಳು ಇವನ್ನು ನೋಡುತ್ತ ಹೋದವರಿಗೆ ಹೆಸರಿಲ್ಲದ ಕುಶಲಕರ್ಮಿಗಳ ಒಂದು ದೊಡ್ಡ ಸಮುದಾಯವೇ ಕಣ್ಣಮುಂದೆ ಬಂದು ನಿಲ್ಲುತ್ತದೆ. ಆದರೆ ಈ ಸೀಮೆಯ ಹೆಣ್ಣುಮಕ್ಕಳು ಶತಮಾನಗಳಿಂದ ಧರಿಸಿಕೊಂಡು ಬಂದ ಒಂದು ಒಡವೆ ಅಲ್ಲಿಲ್ಲ. ಇರುವುದು ಸಾಧ್ಯವೂ ಇಲ್ಲ. ಅದು ಹಚ್ಚೆ. ಮೈಸೂರಿನ ಜಯಲಕ್ಷ್ಮೀವಿಲಾಸದಲ್ಲಿ 1968ರಲ್ಲಿ ಸ್ಥಾಪನೆಗೊಂಡ ಜಾನಪದ ವಸ್ತುಸಂಗ್ರಹಾಲಯಕ್ಕೂ ಈ ಮಾತು ಸಲ್ಲುತ್ತದೆ. ಬುಟ್ಟಿಯನ್ನು ತಂದಿಡಬಹುದು, ತೊಗಲುಗೊಂಬೆಯನ್ನು ತೂಗುಹಾಕಬಹುದು. ಹಚ್ಚೆಯಾದರೋ ಧರಿಸಿದವಳೊಡನೆ ಮಣ್ಣಿಗೆ ಹೋಗುತ್ತದೆ, ಇಲ್ಲವೆ ಬೆಂಕಿಗೆ ಹೋಗುತ್ತದೆ.

ಹಳ್ಳಿಯ ಹೆಂಗಸರು ಇದನ್ನು ಬೇರೊಂದು ಬಗೆಯಲ್ಲಿ ಹೇಳುತ್ತ ಬಂದಿದ್ದಾರೆ. ಬಂಗಾರ ಬೆಳ್ಳಿ ಇಲ್ಲಿಯೇ ಉಳಿಯುತ್ತದೆ, ಸತ್ತಾಗ ಸಂಗಡ ಬರುವ ಒಡವೆ ಹಚ್ಚೆ ಒಂದೇ ಎಂಬುದು ಕನ್ನಡ, ಮರಾಠಿ ಎರಡೂ ಸೀಮೆಗಳಲ್ಲಿ ಬಳಕೆಯಲ್ಲಿರುವ ನಂಬಿಕೆ. ಜಾನಪದ ವಿದ್ವಾಂಸರು ಈ ನಂಬಿಕೆಯನ್ನೂ ಹಚ್ಚೆಯ ಆಕೃತಿಗಳನ್ನೂ ಅಲ್ಲಲ್ಲಿ ಗುರುತಿಸಿದ್ದಾರೆ. ಚೇಳು, ತುಳಸಿ ಬೃಂದಾವನ, ತೊಟ್ಟಿಲು, ಕಮಲ ಇವುಗಳ ರೇಖಾಚಿತ್ರಗಳು ಅಚ್ಚಾಗಿವೆ. ಆದರೆ ಹಚ್ಚೆಯನ್ನು ಕುರಿತ ಚರ್ಚೆಯಲ್ಲಿ ಹಾಕಿಸಿಕೊಂಡವಳ ಮೈ ಕಾಣುವಷ್ಟು ಸ್ಪಷ್ಟವಾಗಿ ಹಾಕಿದವಳ ಕೈ ಕಾಣುವುದಿಲ್ಲ. ಆ ಕೈಯನ್ನು ಹಿಂಬಾಲಿಸಿದರೆ ಹಚ್ಚೆಯ ಇತಿಹಾಸ ಬೇರೆಯದೇ ಆಗಿ ತೋರುತ್ತದೆ.

ಮೊದಲು ಶಬ್ದವನ್ನು ನೋಡಬಹುದು. ಹಳಗನ್ನಡದ ಪಕಾರವು ನಡುಗನ್ನಡದಲ್ಲಿ ಹಕಾರವಾಗುವುದು ಎಲ್ಲ ವಿದ್ಯಾರ್ಥಿಗಳಿಗೂ ತಿಳಿದ ಸಂಗತಿ. ಪಾಲು ಹಾಲಾದಂತೆ, ಪೂ ಹೂವಾದಂತೆ 'ಪಚ್ಚೆ' ಎಂಬುದು 'ಹಚ್ಚೆ'ಯಾಗಿದೆ. ಹಸಿರು, ಹಸಿ ಎಂಬ ಶಬ್ದಗಳೂ ಇದೇ ಧಾತುವಿನಿಂದ ಬಂದವು. ತೆಲುಗಿನ 'ಪಚ್ಚಬೊಟ್ಟು', ತಮಿಳಿನ 'ಪಚ್ಚೈ ಕುತ್ತು' ಇದರ ಒಡಹುಟ್ಟಿನ ರೂಪಗಳು. ಪುಣೆಯ ಮರಾಠಿಯಲ್ಲಿ ಇದೇ ವಸ್ತುವಿಗೆ 'ಗೋಂದಣ' ಎಂದು ಹೆಸರು. ಹಿಂದಿಯ 'ಗೋದನಾ' ಅದಕ್ಕೆ ಸಮೀಪದ್ದು, ಚುಚ್ಚುವ ಕ್ರಿಯೆಯನ್ನು ಹೇಳುವಂಥದು. ಇಂಗ್ಲಿಷಿನ ಮೂಲಕ ಲೋಕವೆಲ್ಲ ಹಬ್ಬಿದ 'ಟ್ಯಾಟೂ' ಎಂಬುದು ಪಾಲಿನೇಷಿಯಾದ ದ್ವೀಪಗಳ 'ತತೌ' ಎಂಬ ಮಾತು. ಕ್ಯಾಪ್ಟನ್ ಕುಕ್‌ನ 1769ರ ತಾಹಿತಿ ಭೇಟಿಯ ಬಳಿಕ ಯುರೋಪಿಗೆ ಬಂದದ್ದು. ಉತ್ತರದವರು ಕ್ರಿಯೆಯನ್ನು ಹೆಸರಿಸಿದರೆ ದ್ರಾವಿಡ ಭಾಷೆಗಳವರು ಕ್ರಿಯೆ ಮುಗಿದ ಮೇಲೆ ಚರ್ಮದಲ್ಲಿ ಉಳಿಯುವ ಬಣ್ಣವನ್ನು ಹೆಸರಿಸಿದ್ದಾರೆ. ಇದು ಸಣ್ಣ ಸಂಗತಿಯಂತೆ ತೋರಬಹುದು. ಆದರೆ ಕಸುಬಿನ ದೃಷ್ಟಿಯಿಂದ ಹಾಗಲ್ಲ. ಏಕೆಂದರೆ ಹಚ್ಚೆಯ ಮಸಿ ಹಸಿರಲ್ಲ, ಕಪ್ಪು.

ಆ ಮಸಿಯನ್ನು ಸಿದ್ಧಪಡಿಸುವ ಬಗೆಯನ್ನು ಮದರಾಸಿನ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಾಖಲಿಸಿದ್ದಾನೆ. ಅವನ ಪ್ರಕಾರ ದಕ್ಷಿಣದ ಜಿಲ್ಲೆಗಳಲ್ಲಿ ಈ ಕಸುಬು ಮುಖ್ಯವಾಗಿ ಕೊರವ ಹೆಂಗಸರದು. ಅರಿಸಿನದ ಪುಡಿಯನ್ನೂ ಅಗಸೆಮರದ ಸೊಪ್ಪನ್ನೂ ಸೇರಿಸಿ ಅರೆದು, ತೆಳುಬಟ್ಟೆಗೆ ಸವರಿ, ಬತ್ತಿಯಾಗಿ ಹೊಸೆಯುತ್ತಿದ್ದರು. ಅದನ್ನು ಹರಳೆಣ್ಣೆಯ ದೀಪದಲ್ಲಿ ಉರಿಸಿ, ಮೇಲೆ ಹೊಸ ಮಣ್ಣಿನ ಗಡಿಗೆಯನ್ನು ಬೋರಲು ಹಾಕುತ್ತಿದ್ದರು. ಗಡಿಗೆಯ ಒಳಮೈಗೆ ಹಿಡಿದ ಕಾಡಿಗೆಯನ್ನು ಕೆರೆದು ನೀರಿನಲ್ಲೋ ಎದೆಹಾಲಿನಲ್ಲೋ ಕಲಸಿದರೆ ಮಸಿ ಸಿದ್ಧ. ನಾಲ್ಕಾರು ಸೂಜಿಗಳನ್ನು ಒಟ್ಟಿಗೆ ಕಟ್ಟಿದ್ದೇ ಉಪಕರಣ. ಸಾಮಗ್ರಿ ಇಷ್ಟೇ. ಉಳಿದುದೆಲ್ಲ ಕೈಯ ತಿಳಿವಳಿಕೆ. ಸೂಜಿ ಮೇಲ್ಪದರದಲ್ಲೇ ನಿಂತರೆ ಕೆಲವು ವಾರಗಳಲ್ಲಿ ಚರ್ಮದ ಹೊಟ್ಟಿನೊಡನೆ ಬಣ್ಣವೂ ಉದುರಿಹೋಗುತ್ತದೆ. ತೀರ ಆಳಕ್ಕೆ ಇಳಿದರೆ ರಕ್ತ ಹೆಚ್ಚಿ ಗೆರೆ ಕದಡುತ್ತದೆ. ಒಂದೆರಡು ಮಿಲಿಮೀಟರಿನ ಆಳದಲ್ಲಿ, ಒಳಚರ್ಮದಲ್ಲಿ, ಮಸಿ ನಿಲ್ಲಬೇಕು. ಅಲ್ಲಿ ದೇಹದ ರಕ್ಷಕಕೋಶಗಳು ಮಸಿಯ ಕಣಗಳನ್ನು ನುಂಗಿ, ಕರಗಿಸಲಾರದೆ, ಹಿಡಿದುಕೊಂಡು ಕೂರುತ್ತವೆ. ಒಂದು ಕೋಶ ಸತ್ತರೆ ಅದು ಬಿಟ್ಟ ಕಣವನ್ನು ಇನ್ನೊಂದು ಕೋಶ ಎತ್ತಿಕೊಳ್ಳುತ್ತದೆ. ಹಚ್ಚೆ ಉಳಿಯುವುದು ಹೀಗೆ. ಮೇಲಿನ ಚರ್ಮದ ಮೂಲಕ ಬೆಳಕು ಚದುರಿ ಬರುವುದರಿಂದ ಕಪ್ಪು ಕಾಡಿಗೆ ನೋಡುವವರ ಕಣ್ಣಿಗೆ ನೀಲಿಹಸಿರಾಗುತ್ತದೆ. ಹಚ್ಚೆ ಎಂಬ ಹೆಸರನ್ನಿಟ್ಟವರು ಬೆಳಕಿನ ಶಾಸ್ತ್ರ ಓದಿದವರಲ್ಲ. ಗಾಯ ಮಾಯ್ದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ತಲೆತಲಾಂತರ ನೋಡಿದವರು.

ಹಚ್ಚೆ ಹಾಕುವ ಸನ್ನಿವೇಶವೂ ಹಚ್ಚೆಯಷ್ಟೇ ಮುಖ್ಯವಾದುದು. ಮದುವೆಗೆ ಮುಂಚಿನ ವಯಸ್ಸಿನ ಹುಡುಗಿ, ಕೈಹಿಡಿದು ಕುಳಿತ ತಾಯಿಯೋ ಅಜ್ಜಿಯೋ, ಸುತ್ತ ನೆರೆದ ಓಣಿಯ ಹೆಂಗಸರು, ಎದುರಿಗೆ ಕುಕ್ಕರಗಾಲಲ್ಲಿ ಕುಳಿತ ಕೊರವತಿ. ನೋವನ್ನು ಮರೆಸಲು ಅವಳು ಹಾಡುತ್ತಿದ್ದಳು. ಥರ್ಸ್ಟನ್ ಕೂಡ ಈ ಹಾಡಿನ ಸಂಗತಿಯನ್ನು ಗಮನಿಸಿದ್ದಾನೆ. ಹಾಡು ಮಗುವನ್ನು ರಮಿಸುವ ಜೋಗುಳದ ಧಾಟಿಯದು. ಅದರ ಲಯಕ್ಕೆ ಸೂಜಿ ಇಳಿಯುತ್ತಿತ್ತು. ಜಾನಪದ ಸಂಗ್ರಹಕಾರರು ಹಾಡನ್ನು ಬೇರೆ, ಚಿತ್ರವನ್ನು ಬೇರೆ, ಕಸುಬನ್ನು ಬೇರೆ ಮಾಡಿ ಬರೆದುಕೊಂಡದ್ದರಿಂದ ಒಂದು ತೊಡಕಾಗಿದೆ. ಹಾಡಿನ ವಿಭಾಗದಲ್ಲಿ ಓದಿದವರಿಗೆ ಅದರ ಕೆಳಗೆ ರಕ್ತ ಒಸರುತ್ತಿತ್ತೆಂದು ತಿಳಿಯುವುದಿಲ್ಲ. ಚಿತ್ರದ ವಿಭಾಗದಲ್ಲಿ ನೋಡಿದವರಿಗೆ ಅದನ್ನು ಹಾಡುತ್ತ ಬರೆದರೆಂಬುದು ಹೊಳೆಯುವುದಿಲ್ಲ.

ಕೂಲಿಯನ್ನು ಕಾಳು, ರೊಟ್ಟಿ, ಹಳೆಯ ಸೀರೆ, ಒಂದೆರಡು ಕಾಸುಗಳ ರೂಪದಲ್ಲಿ ಕೊಡುತ್ತಿದ್ದರು. ಈ ಕೂಲಿ ಇಡೀ ಕುಟುಂಬದ ಬಾಳುವೆಯ ಒಂದು ಆಧಾರವಾಗಿತ್ತೆಂಬುದನ್ನು ಮರೆಯುವಂತಿಲ್ಲ. ಕೊರಮ, ಕೊರಚ ಎಂದು ಕರೆಸಿಕೊಳ್ಳುವ ಈ ಸಮುದಾಯಗಳಲ್ಲಿ ಬುಟ್ಟಿ, ಕಸಬರಿಗೆಗಳ ಹೆಣಿಗೆ, ಹಗ್ಗದ ಕೆಲಸ, ಓಲಗ ನುಡಿಸುವುದು, ಹಂದಿ ಸಾಕಣೆ ಇವೆಲ್ಲ ಇದ್ದವು. ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನನ್ನು ತಮ್ಮ ಕುಲಗುರುವೆಂದು ಇವರು ನಂಬುತ್ತಾರೆ. ಹೆಂಗಸಿನ ಪಾಲಿಗೆ ಬಂದವು ಮೂರು: ಬುಟ್ಟಿ ಮಾರುವುದು, ಕಣಿ ಹೇಳುವುದು, ಹಚ್ಚೆ ಹೊಯ್ಯುವುದು. ಮೂರೂ ಇನ್ನೊಬ್ಬರ ಹೊಸ್ತಿಲ ಬಳಿ ಕುಳಿತು ಮಾಡುವ ಕೆಲಸಗಳು. ಕೈಗೂಸನ್ನು ಬೆನ್ನಿಗೆ ಕಟ್ಟಿಕೊಂಡು ಊರಿಂದೂರಿಗೆ ನಡೆಯುವ ಹೆಂಗಸು ಮಗಳಿಗೆ ಕಸುಬನ್ನು ಕಲಿಸಲು ಬೇರೆ ಶಾಲೆ ಬೇಕಿರಲಿಲ್ಲ. ಮಸಿ ಕಲಸುವುದರಿಂದ ಮೊದಲುಗೊಂಡು ಹಾಡು, ಆಮೇಲೆ ಚುಕ್ಕಿ, ಕೊನೆಗೆ ಗೆರೆ ಎಂಬಂತೆ ಅದು ಕೈಯಿಂದ ಕೈಗೆ ದಾಟುತ್ತಿತ್ತು. ಮನೆಯೊಳಗೆ ಬಿಟ್ಟುಕೊಳ್ಳದ ಮೇಲುಜಾತಿಯವರೂ ಹಚ್ಚೆಗಾಗಿ ಅವಳ ಕೈಗೆ ತಮ್ಮ ಮಗಳ ಕೈಯನ್ನು ಕೊಡಲೇಬೇಕಾಗಿತ್ತು. ಮುಟ್ಟು-ಮೈಲಿಗೆಯ ಲೆಕ್ಕಾಚಾರದಲ್ಲಿ ಬದುಕುತ್ತಿದ್ದ ಊರು ಆ ಒಂದು ತಾಸು ಲೆಕ್ಕವನ್ನು ಬದಿಗಿಡುತ್ತಿತ್ತು. ಬಳಿಕ ಸ್ನಾನ, ಅರಿಸಿನ, ಎಣ್ಣೆ.

ಆಕೃತಿಗಳಲ್ಲಿ ಹೆಚ್ಚಿನ ವಿಚಾರಕ್ಕೆ ಎಡೆಗೊಡುವವು ಎರಡು. ಒಂದು, ಹಣೆಯ ಹಚ್ಚೆಬೊಟ್ಟು. ಕುಂಕುಮದ ಸ್ಥಾನದಲ್ಲಿಯೇ ಇಡುವ ಈ ಬೊಟ್ಟನ್ನು ಮುತ್ತೈದೆತನದ ಚಿಹ್ನೆಯೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಆದರೆ ಗಂಡ ಸತ್ತಾಗ ಕುಂಕುಮ ಅಳಿಸಿದ ಕೈಗೆ ಹಚ್ಚೆಯನ್ನು ಅಳಿಸಲಾಗಲಿಲ್ಲ. ಬಳೆ ಒಡೆದು, ತಾಳಿ ತೆಗೆದ ಮೇಲೂ ಕೊರವತಿ ಇಟ್ಟ ಬೊಟ್ಟು ಹಣೆಯ ಮೇಲೆ ಉಳಿಯಿತು. ಅದನ್ನು ಪ್ರತಿಭಟನೆಯೆನ್ನುವುದು ಇಂದಿನ ಮಾತನ್ನು ಅಂದಿಗೆ ಹೊರಿಸಿದಂತೆ. ಆದರೂ ಆಚಾರದ ಕೈಗೆ ಸಿಕ್ಕದ ಒಂದು ಗುರುತು ಹೆಣ್ಣಿನ ಮೈಮೇಲಿತ್ತು ಎಂಬಷ್ಟಂತೂ ನಿಜ.

ಎರಡನೆಯದು, ಮುಂಗೈಯ ಮೇಲಿನ ಹೆಸರು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದೆಂಬ ಕಟ್ಟು ಕನ್ನಡ, ಮರಾಠಿ ಸೀಮೆಗಳೆರಡರಲ್ಲೂ ಇತ್ತು. ಆ ಕಟ್ಟನ್ನು ದಾಟಲು ಉತ್ತರ ಕರ್ನಾಟಕದ ಹೆಂಗಸರಿಗೆ ಒಡಪು, ಮರಾಠಿ ಹೆಂಗಸರಿಗೆ 'ಉಖಾಣಾ' ಇವೆ. ಮದುವೆ, ಸೀಮಂತಗಳಲ್ಲಿ ಪ್ರಾಸಬದ್ಧ ಸಾಲಿನ ನಡುವೆ ಹೆಸರನ್ನು ಜಾಣತನದಿಂದ ಇಟ್ಟು ಹೇಳುವ ಸೊಗಸಾದ ಪದ್ಧತಿ ಅದು. ಹಚ್ಚೆಯೂ ಅಂಥ ಇನ್ನೊಂದು ದಾರಿ. ಹೇಳಲಾಗದ ಹೆಸರನ್ನು ತೋರಿಸಬಹುದು. ಆದರೆ ಹಾಕಿಸಿಕೊಂಡವಳಿಗೆ ಬಹುಮಟ್ಟಿಗೆ ಓದು ಬಾರದು; ಹಾಕಿದವಳಿಗೂ ಬಾರದು. ಯಾರೋ ನೆಲದ ಮೇಲೆ ಬರೆದುಕೊಟ್ಟ ಅಕ್ಷರವನ್ನು ಚೇಳಿನ ಚಿತ್ರದಂತೆಯೇ ಚಿತ್ರವೆಂದು ನೋಡಿ ಚುಚ್ಚಿದ್ದು ಅದು. ಗಡಿಯ ಊರುಗಳಲ್ಲಿ ಆ ಅಕ್ಷರ ಕನ್ನಡವೂ ಆಗಬಹುದು, ನಾಗರಿಯೂ ಆಗಬಹುದು. ಸಾಕ್ಷರತೆಯ ಇತಿಹಾಸ ಬರೆಯುವವರು ಶಾಸನ, ಓಲೆ, ಮುದ್ರಣಗಳ ಜೊತೆಗೆ ಈ ಅಕ್ಷರಗಳನ್ನೂ ಎಣಿಸಬೇಕಾಗಿತ್ತು. ಬರೆದವಳೂ ಹೊತ್ತವಳೂ ಓದಲಾಗದ, ಊರೆಲ್ಲ ಓದಬಹುದಾದ ಬರಹ ಅದು.

ಇಷ್ಟೊಂದು ಮನೆಗಳ ಒಳಹೊಕ್ಕ ಕೊರವಂಜಿಯನ್ನು ಸಾಹಿತ್ಯ ಬಹಳ ಹಿಂದೆಯೇ ತನ್ನೊಳಗೆ ಕರೆದುಕೊಂಡಿತು. ಶ್ರೀನಿವಾಸ ಕಲ್ಯಾಣದ ಕಥೆಯಲ್ಲಿ ಸಾಕ್ಷಾತ್ ವಿಷ್ಣುವೇ ಕಣಿ ಹೇಳುವವಳ ವೇಷದಲ್ಲಿ ಪದ್ಮಾವತಿಯ ಅರಮನೆಗೆ ಬರುತ್ತಾನೆ. ತಮಿಳಿನಲ್ಲಿ 'ಕುರವಂಜಿ' ಎಂಬುದೊಂದು ನಾಟ್ಯಪ್ರಬಂಧದ ಪ್ರಕಾರವೇ ಆಗಿ ಬೆಳೆಯಿತು. ತಂಜಾವೂರಿನ ಮರಾಠಾ ಅರಸ ಎರಡನೆಯ ಸರಫೋಜಿ (ಆಳ್ವಿಕೆ 1798–1832) ಮರಾಠಿಯಲ್ಲಿ 'ದೇವೇಂದ್ರ ಕುರವಂಜಿ'ಯನ್ನು ರಚಿಸಿ, ಕೊರವಂಜಿಯ ಬಾಯಿಂದ ಭೂಗೋಳವನ್ನೇ ಹೇಳಿಸಿದ. ಖಂಡಗಳ, ದೇಶಗಳ ಹೊಸ ತಿಳಿವಳಿಕೆಯನ್ನು ಜನಕ್ಕೆ ಮುಟ್ಟಿಸಲು ಅರಸನಿಗೆ ಸೂಕ್ತಳಾಗಿ ಕಂಡವಳು ಊರೂರು ತಿರುಗುವ ಈ ಹೆಂಗಸು. ಕನ್ನಡದಲ್ಲಿ ಡಾ. ಎಂ. ಶಿವರಾಂ ಅವರು 1942ರಲ್ಲಿ ತಮ್ಮ ಹಾಸ್ಯಪತ್ರಿಕೆಗೆ 'ಕೊರವಂಜಿ' ಎಂದು ಹೆಸರಿಟ್ಟುದರ ಹಿಂದೆಯೂ ಎಲ್ಲವನ್ನೂ ಕಂಡು ಮುಖಕ್ಕೆ ಹೇಳಬಲ್ಲವಳು ಎಂಬ ಭಾವನೆಯೇ ಇದೆ. (ಅದರ ಪುಟಗಳಿಗೆ ಎಳೆಯ ವಯಸ್ಸಿನಲ್ಲಿ ಚಿತ್ರ ಬರೆದ ಆರ್. ಕೆ. ಲಕ್ಷ್ಮಣ್ ಮುಂದೆ ಪುಣೆಯಲ್ಲಿ ನೆಲೆಸಿ, 2015ರಲ್ಲಿ ಅಲ್ಲಿಯೇ ತೀರಿಕೊಂಡರು.)

ಸಾಹಿತ್ಯ ಹೀಗೆ ಅವಳನ್ನು ಜ್ಞಾನಿಯೆಂದು ವೇಷ ಕಟ್ಟಿಸಿದ ನಾಡಿನಲ್ಲೇ ಕಾನೂನು ಅವಳನ್ನು ಕಳ್ಳಿಯೆಂದು ಬರೆದುಕೊಂಡಿತು. ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು 1911ರಲ್ಲಿ ವಿಸ್ತರಿಸಲಾಯಿತು. ಕೊರವರ ಹಲವು ಪಂಗಡಗಳು ಅದರ ಪಟ್ಟಿಯಲ್ಲಿ ಸೇರಿದವು. ಹುಟ್ಟಿನಿಂದಲೇ ಅಪರಾಧಿ ಎನ್ನಿಸಿಕೊಂಡವರು ಹೆಸರು ನೋಂದಾಯಿಸಬೇಕು, ಬೆರಳಚ್ಚು ಕೊಡಬೇಕು, ಗೊತ್ತಾದ ಹೊತ್ತಿಗೆ ಹಾಜರಿ ಹೇಳಬೇಕು, ಊರು ಬಿಡಲು ಪಾಸು ಪಡೆಯಬೇಕು. ಮುಂಬಯಿ ಪ್ರಾಂತ್ಯದಲ್ಲಿ ಸೊಲ್ಲಾಪುರ, ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇಂಥವರಿಗಾಗಿ 'ಸೆಟ್ಲಮೆಂಟು'ಗಳಾದವು. ಹುಬ್ಬಳ್ಳಿ, ಗದಗಗಳ ಕೆಲವು ಬಡಾವಣೆಗಳಿಗೆ ಆ ಹೆಸರು ಇಂದಿಗೂ ಅಂಟಿಕೊಂಡಿದೆ. ಈ ಕಾಯಿದೆಯ ಕ್ರೌರ್ಯವನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಹಚ್ಚೆಯ ಕಸುಬಿಗೆ ಅದು ಕೊಟ್ಟ ಪೆಟ್ಟನ್ನು ಮಾತ್ರ ಪ್ರತ್ಯೇಕವಾಗಿ ಹೇಳಬೇಕು. ಹಚ್ಚೆ ನಡಿಗೆಯ ಕಸುಬು. ಸುಗ್ಗಿಯ ಕಾಲಕ್ಕೆ ಇಂಥ ಊರು, ಜಾತ್ರೆಗೆ ಇಂಥ ಊರು ಎಂಬ ದಾರಿಯಿಲ್ಲದೆ ಅದು ಬದುಕದು. ಸಂಜೆಗೊಮ್ಮೆ ಠಾಣೆಯಲ್ಲಿ ಹಾಜರಾಗಬೇಕಾದ ಹೆಂಗಸು ಎಷ್ಟು ದೂರ ನಡೆದಾಳು?

ಇಲ್ಲಿ ಇನ್ನೊಂದು ವಿಪರ್ಯಾಸವಿದೆ. ಇದಕ್ಕೂ ಮುಂಚೆ ಕಂಪನಿ ಸರ್ಕಾರ ಹಚ್ಚೆಯನ್ನೇ ಶಿಕ್ಷೆಯಾಗಿ ಬಳಸಿತ್ತು. ಬಂಗಾಳದಲ್ಲಿ 1797ರ ನಿಬಂಧನೆಯಂತೆ ಕೆಲವು ಬಗೆಯ ಕೈದಿಗಳ ಹಣೆಯ ಮೇಲೆ ಅವರ ಹೆಸರು, ಅಪರಾಧ, ಶಿಕ್ಷೆಗಳನ್ನು ಚುಚ್ಚಿ ಬರೆಯಲಾಗುತ್ತಿತ್ತು. ಕಡತಗಳಲ್ಲಿ ಅದಕ್ಕೆ ಬಳಸಿದ ಶಬ್ದ 'ಗೋದನಾ'. ಇದು ರದ್ದಾದದ್ದು 1849ರಲ್ಲಿ. ಮುಂದೆ ಬೆರಳಚ್ಚು ಬಂದಮೇಲೆ ಮೈಮೇಲೆ ಬರೆಯುವ ಅಗತ್ಯ ಉಳಿಯಲಿಲ್ಲ. ಮೈಯಿಂದಲೇ ಬರೆಸಿಕೊಳ್ಳುವುದು ಸಾಧ್ಯವಾಯಿತು. ಊರ ಹೆಣ್ಣುಮಕ್ಕಳಿಗೆ 'ನೀನು ನಮ್ಮವಳು' ಎಂಬ ಗುರುತನ್ನು ಬರೆದುಕೊಟ್ಟ ಕೈಯ ಹೆಬ್ಬೆರಳನ್ನು ಹಿಡಿದು 'ಇವಳು ನಮ್ಮವಳಲ್ಲ' ಎಂಬ ಗುರುತನ್ನು ಸರ್ಕಾರ ಒತ್ತಿಸಿಕೊಂಡಿತು.

ಕಾಯಿದೆ ದೇಶದಾದ್ಯಂತ ಕೊನೆಗೊಂಡದ್ದು 1952ರ ಆಗಸ್ಟ್ 31ರಂದು. ಮಹಾರಾಷ್ಟ್ರದಲ್ಲಿ ಆ ದಿನವನ್ನು ವಿಮುಕ್ತ ದಿನವೆಂದು ಆಚರಿಸುವವರಲ್ಲಿ ಕೈಕಾಡಿಗಳೂ ಇದ್ದಾರೆ. ಪುಣೆ, ಸಾತಾರಾ, ಸೊಲ್ಲಾಪುರಗಳ ಕಡೆ ಕೈಕಾಡಿ ಎನಿಸಿಕೊಂಡವರು ಕರ್ನಾಟಕದ ಕೊರಮ-ಕೊರಚರ ಬಂಧುಗಳೇ. ಗ್ರಿಯರ್ಸನ್ ಸಂಪಾದಿಸಿದ ಭಾರತೀಯ ಭಾಷಾ ಸರ್ವೇಕ್ಷಣೆಯ ನಾಲ್ಕನೆಯ ಸಂಪುಟ (1906) ಕೊರವ ಮತ್ತು ಕೈಕಾಡಿ ಎರಡನ್ನೂ ತಮಿಳಿಗೆ ಸೇರಿದ ಉಪಭಾಷೆಗಳೆಂದು ಒಟ್ಟಿಗೆ ವಿವರಿಸಿದೆ. ಮನೆಯಲ್ಲಿ ತಮಿಳಿಗೆ ಹತ್ತಿರದ ಮಾತು, ಊರಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಎಂಬ ಸ್ಥಿತಿ ಇವರದು. ಕೈಕಾಡಿ ಕುಟುಂಬದಲ್ಲಿ ಹುಟ್ಟಿದ ಲಕ್ಷ್ಮಣ ಮಾನೆಯವರ ಆತ್ಮಕಥನ 'ಉಪರಾ' 1980ರಲ್ಲಿ ಪ್ರಕಟವಾಗಿ, ಮರುವರ್ಷ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಕತ್ತೆಯ ಬೆನ್ನ ಮೇಲೆ ಸಂಸಾರ ಹೇರಿಕೊಂಡು ಬುಟ್ಟಿ ಹೆಣೆಯುತ್ತ ಊರಿಂದೂರಿಗೆ ಹೋಗುವ ಬದುಕು ಒಳಗಿನವರ ಬರಹದಲ್ಲಿ ಓದುಗರ ಮುಂದೆ ಬಂದದ್ದು ಆಗ. ಆಡಳಿತದ ಪಟ್ಟಿಗಳು ಮಾತ್ರ ಈ ಬಂಧುತ್ವವನ್ನು ತಮ್ಮದೇ ರೀತಿಯಲ್ಲಿ ಹಂಚಿವೆ. ಕರ್ನಾಟಕದಲ್ಲಿ ಕೊರಮ, ಕೊರಚರು ಪರಿಶಿಷ್ಟ ಜಾತಿಯವರು. ಪುಣೆಯ ಕೈಕಾಡಿ ವಿಮುಕ್ತ ಜಾತಿಯವನು. ಅದೇ ರಾಜ್ಯದ ನಾಗಪುರ, ಅಮರಾವತಿ ಮೊದಲಾದ ವಿದರ್ಭದ ಜಿಲ್ಲೆಗಳಿಗೆ ಹೋದರೆ ಕೈಕಾಡಿ ಮತ್ತೆ ಪರಿಶಿಷ್ಟ ಜಾತಿಯವನು.

ದಾರಿ ಮತ್ತೆ ತೆರೆದಾಗ ಕಸುಬು ಬದಲಾಗಿಹೋಗಿತ್ತು. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲಿ ಹಕ್ಕುಪತ್ರ ಪಡೆದ ವಿದ್ಯುತ್ ಯಂತ್ರ ಎಡಿಸನ್ನನ ವಿದ್ಯುತ್ ಲೇಖನಿಯ ತತ್ವದ ಮೇಲೆ ನಿಂತದ್ದು. ಕಾಗದದ ಮೇಲೆ ತೂತು ಕೊರೆದು ಪ್ರತಿ ತೆಗೆಯಲೆಂದು ಹುಟ್ಟಿದ ಸಾಧನ ಚರ್ಮಕ್ಕೆ ಬಂತು. ಅದರ ಸರಳ ರೂಪಗಳು ಬ್ಯಾಟರಿಯ ಬಲದಿಂದ ನಮ್ಮ ಜಾತ್ರೆಗಳಿಗೂ ಇಳಿದವು. ಆಳಂದಿಯ ಕಾರ್ತಿಕ ಏಕಾದಶಿ, ಜೆಜುರಿಯ ಖಂಡೋಬನ ಜಾತ್ರೆ, ಪಂಢರಪುರದ ವಾರಿ ಇವೆಲ್ಲ ಕನ್ನಡಿಗರೂ ಮರಾಠಿಗರೂ ಕೂಡುವ ಸ್ಥಳಗಳು. ಖಂಡೋಬನೇ ನಮ್ಮ ಮೈಲಾರ. ಇಂಥ ಜಾತ್ರೆಗಳಲ್ಲಿ ಕೊರವತಿಯ ಬದಲು ಹಲಗೆಯ ಮೇಲೆ ಮಾದರಿಗಳನ್ನು ಅಂಟಿಸಿಕೊಂಡು ಯಂತ್ರ ಹಿಡಿದ ಗಂಡಸು ಕುಳಿತ. ಮೂರು ಬದಲಾವಣೆಗಳು ಒಮ್ಮೆಗೇ ಆದವು. ಹೆಣ್ಣಿನ ಕಸುಬು ಗಂಡಿನದಾಯಿತು; ಮನೆಯ ಹೊಸ್ತಿಲಿನಿಂದ ಬೀದಿಗೆ ಬಂತು; ಯಂತ್ರದ ಗುಂಯ್‌ಗುಡುವ ಸದ್ದಿನಲ್ಲಿ ಹಾಡಿಗೆ ಎಡೆಯೇ ಉಳಿಯಲಿಲ್ಲ. ಮೊದಲಿನೆರಡನ್ನು ಸಮಾಜಶಾಸ್ತ್ರದವರು ಗುರುತಿಸಿಯಾರು. ಕನ್ನಡದ ವಿದ್ಯಾರ್ಥಿಗಳಿಗೆ ಮೂರನೆಯದು ಹೆಚ್ಚಿನ ನಷ್ಟ. ಒಂದೇ ಸೂಜಿಯಿಂದ ಹಲವರಿಗೆ ಚುಚ್ಚುವುದರ ಅಪಾಯ ಯಕೃತ್ತಿನ ಸೋಂಕು ಮತ್ತು ಎಚ್‌ಐವಿಗಳ ತಿಳಿವಳಿಕೆ ಹಬ್ಬಿದ ಮೇಲೆ ಜನಕ್ಕೆ ಅರಿವಾಯಿತು. ಜಾತ್ರೆಯ ಹಚ್ಚೆಗೂ ಹೆದರಿಕೆ ಸೇರಿತು. ಅಷ್ಟರಲ್ಲಿ ಶಾಲೆಗೆ ಹೋದ ಹೆಣ್ಣುಮಕ್ಕಳಿಗೆ ಹಣೆಯ ಹಚ್ಚೆ ಹಳ್ಳಿತನದ ಗುರುತಾಗಿ ನಾಚಿಕೆಯ ವಸ್ತುವೂ ಆಗಿತ್ತು.

ಇಂದಿನ ಪುಣೆಯಲ್ಲಿ ಎರಡು ಬಗೆಯ ಹಚ್ಚೆಗಳನ್ನು ಒಂದೇ ಬೀದಿಯಲ್ಲಿ ಕಾಣಬಹುದು. ಫರ್ಗ್ಯುಸನ್ ಕಾಲೇಜು ರಸ್ತೆ, ಕೋರೆಗಾಂವ್ ಪಾರ್ಕ್‌ಗಳಲ್ಲಿ ಟ್ಯಾಟೂ ಸ್ಟುಡಿಯೋಗಳಿವೆ. ಒಮ್ಮೆ ಬಳಸಿ ಬಿಸಾಡುವ ಸೂಜಿ, ಕೈಗವಸು, ಬಣ್ಣಬಣ್ಣದ ಶಾಯಿ, ಗೋಡೆಯ ಮೇಲೆ ಕಲಾವಿದನ ಹೆಸರು. ಅದೇ ನಗರದಲ್ಲಿ ಏಳುತ್ತಿರುವ ಕಟ್ಟಡಗಳ ಕೆಳಗೆ ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ದುಡಿಯಲು ಬಂದ ಹೆಂಗಸರು ಜಲ್ಲಿ ಹೊರುತ್ತಾರೆ; ಅವರಲ್ಲಿ ಲಂಬಾಣಿಗಳೂ ಇದ್ದಾರೆ, ಉಳಿದ ಜಾತಿಯವರೂ ಇದ್ದಾರೆ. ಬಾಂಡಲಿ ಎತ್ತಲು ಕೈ ಮೇಲೆ ಹೋದಾಗ ಹಿರಿಯರ ಮುಂಗೈಗಳಲ್ಲಿ ಹಸಿರು ಚುಕ್ಕಿಗಳು ಕಾಣುತ್ತವೆ. ಬೇಂದ್ರೆಯವರು ಓದಿದ, ಗೋಕಾಕರು ಪಾಠ ಹೇಳಿದ ಕಾಲೇಜಿನ ಮುಂದಿನ ರಸ್ತೆಯಲ್ಲಿ ಸಾವಿರಾರು ರೂಪಾಯಿ ತೆತ್ತು ಹಚ್ಚೆ ಹಾಕಿಸಿಕೊಳ್ಳುವ ಹುಡುಗಿಗೂ ಒಂದು ಸೇರು ಜೋಳಕ್ಕೆ ಹಾಕಿಸಿಕೊಂಡ ಈ ಹೆಂಗಸಿಗೂ ನಡುವೆ ಇರುವುದು ಹಣದ ಅಂತರ ಮಾತ್ರವಲ್ಲ. ಒಬ್ಬಳಿಗೆ ಅದು ತಾನು ಆರಿಸಿಕೊಂಡ ಗುರುತು. ಇನ್ನೊಬ್ಬಳಿಗೆ ಹಿರಿಯರು ಕೊಟ್ಟ ಗುರುತು. ತನ್ನ ಕೈಯ ಮೇಲೆ ಏನಿರಬೇಕೆಂದು ಎಂಟು ವರ್ಷದ ಹುಡುಗಿಯನ್ನು ಯಾರೂ ಕೇಳಿರಲಿಲ್ಲ ಎಂಬುದನ್ನು ಹಳೆಯದರ ಮೇಲಿನ ಅಕ್ಕರೆಯಲ್ಲಿ ಮರೆಯಬಾರದು. ಆರಿಸಿಕೊಳ್ಳುವ ಸ್ವಾತಂತ್ರ್ಯ ದೊಡ್ಡದು. ಅದರೊಡನೆ ಅಳಿಸಿಕೊಳ್ಳುವ ಆಸೆಯೂ ಬಂದಿದೆ. ಲೇಸರ್ ಚಿಕಿತ್ಸೆ ಮಸಿಯ ಕಣಗಳನ್ನು ಒಡೆದು ದೇಹಕ್ಕೆ ಕರಗಿಸಲು ಬರುವಂತೆ ಮಾಡುತ್ತದೆ. ಸೇನೆಗೆ ಸೇರಬಯಸುವ ಹುಡುಗರು ಇದಕ್ಕೆ ಬರುವುದುಂಟು, ಏಕೆಂದರೆ ಭಾರತೀಯ ಸೇನೆಯ ನೇಮಕಾತಿ ನಿಯಮಗಳು ಮುಂಗೈಯ ಒಳಬದಿ ಮತ್ತು ಅಂಗೈಯ ಹಿಂಬದಿಯ ಹಚ್ಚೆಗಷ್ಟೇ ಅವಕಾಶ ಕೊಡುತ್ತವೆ. ಸಂಪ್ರದಾಯದಂತೆ ಹಚ್ಚೆ ಹಾಕಿಸಿಕೊಳ್ಳುವ ಬುಡಕಟ್ಟುಗಳವರಿಗೆ ಮಾತ್ರ ರಿಯಾಯಿತಿ ಇದೆ.

ಹೊಸ ಕಲಾವಿದನಿಗೆ ಹೆಸರಿದೆ, ಸಹಿಯಿದೆ, ಒಡೆತನದ ಭಾವನೆಯಿದೆ. ಕೊರವತಿಗೆ ಇವು ಯಾವುವೂ ಇರಲಿಲ್ಲ. ಆದರೆ ಸಹಿಯಿಲ್ಲದ ಕೈಯಿಂದ ಕಲಿಯಲು ಹೊರಟವರೂ ಇದ್ದಾರೆ. ಮಣಿಪುರದ ಮೋ ನಾಗಾ ಎಂಬ ಕಲಾವಿದರು ನಾಗಾ ಪಂಗಡಗಳ ಹಚ್ಚೆಯನ್ನು ಹಿರಿಯರಿಂದ ತಿಳಿದು ಮತ್ತೆ ಬಳಕೆಗೆ ತರುತ್ತಿದ್ದಾರೆ. ಬಿಹಾರದ ಮಿಥಿಲೆಯಲ್ಲಿ ದುಸಾಧ ಸಮುದಾಯದ ಹೆಂಗಸರು 1970ರ ದಶಕದಲ್ಲಿ ಮೈಮೇಲಿನ ಗೋದನಾ ಆಕೃತಿಗಳನ್ನು ಕಾಗದಕ್ಕೆ ಇಳಿಸಿ ಚಿತ್ರಕಲೆಯ ಒಂದು ಶೈಲಿಯನ್ನೇ ಕಟ್ಟಿದರು. ಕೊರವರ ಹಚ್ಚೆಗೆ ಇಂಥದೊಂದು ಎರಡನೆಯ ಹುಟ್ಟು ಇನ್ನೂ ಆಗಿಲ್ಲವೆಂದೇ ಹೇಳಬೇಕು. ಆಗುವುದಾದರೆ ಅದರ ಹೆಸರು, ಹಣಗಳಲ್ಲಿ ಕೊರವ ಕುಟುಂಬಗಳ ಪಾಲೆಷ್ಟು ಎಂಬ ಪ್ರಶ್ನೆ ಮೊದಲು ಏಳಬೇಕಾದುದು.

ಅಲ್ಲಿಯವರೆಗೆ ಉಳಿದಿರುವುದು ವ್ಯಕ್ತಿಗಳ ಮಟ್ಟದ ನೆನಪು. ತೀರಿಕೊಂಡ ಅಜ್ಜಿಯ ಮುಂಗೈಯ ಹಚ್ಚೆಯನ್ನೇ ತನ್ನ ಕೈಗೂ ಹಾಕಿಸಿಕೊಳ್ಳಬೇಕೆಂದು ಹಳೆಯ ಫೋಟೋ ಹಿಡಿದು ಮೊಮ್ಮಗಳು ಸ್ಟುಡಿಯೋಕ್ಕೆ ಬಂದಾಗ ಕಲಾವಿದನ ಮುಂದೆ ಏಳುವುದು ಕಸುಬಿನದೇ ಆದ ಒಂದು ತೊಡಕು. ಅರವತ್ತು ವರ್ಷಗಳಲ್ಲಿ ಮಸಿ ಚರ್ಮದೊಳಗೆ ಹರಡಿ ಚುಕ್ಕಿಗಳು ದಪ್ಪಗಾಗಿವೆ. ಎರಡು ಗೆರೆಗಳು ಕೂಡಿಹೋಗಿವೆ. ಚೇಳಿನ ಕೊಂಡಿ ಎಲ್ಲಿ ಮುಗಿಯಿತೆಂದು ತಿಳಿಯದು. ಹೆಸರಿನ ಒಂದು ಅಕ್ಷರ ತಿರುವಿಕೊಂಡಿದೆ. ಕೊರವತಿ ಅಂದು ಹಾಕಿದ್ದ ಆಕೃತಿಯನ್ನು ಊಹಿಸಿ ನೇರಗೊಳಿಸಿ ಹಾಕಬೇಕೆ? ಕಾಲ ಅದನ್ನು ಕದಡಿದ ರೂಪದಲ್ಲಿಯೇ, ಆ ತಪ್ಪು ಅಕ್ಷರದ ಸಮೇತ ಹಾಕಬೇಕೆ? ಹಸ್ತಪ್ರತಿಗಳ ಪಾಠನಿರ್ಣಯ ಮಾಡುವ ವಿದ್ವಾಂಸರಿಗೆ ಈ ಪ್ರಶ್ನೆ ಹೊಸದಲ್ಲ. ಅವರು ಎರಡು ಪಾಠಗಳನ್ನೂ ಪುಟದಲ್ಲಿ ಕೊಡಬಲ್ಲರು. ಕಲಾವಿದನಿಗೆ ಇರುವುದು ಒಂದೇ ಕೈ, ಅದರ ಮೇಲೆ ಒಂದು ಗೇಣು ಜಾಗ.